ಮೋಟಾರು ಸೈಕಲ್ಲೂ ದೇಶದೇಶಗಳ ಕಾಯಿದೆಗಳೂ

ಮೋಟಾರು ಸೈಕಲ್ಲನ್ನು ರೂಪಿಸುವವನು ಇಂಜಿನಿಯರು ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ತೆರಿಗೆಯ ಪಟ್ಟಿ, ಪರವಾನಗಿಯ ನಿಯಮ, ಆಯಾ ನಾಡಿನ ಉಡುಗೆತೊಡುಗೆ ಇವು ರೂಪಿಸುತ್ತವೆ. ಒಂದೇ ಕಂಪನಿಯ ವಾಹನ ಒಂದು ದೇಶದಲ್ಲಿ ಒಂದು ಬಗೆಯಾಗಿ, ಮತ್ತೊಂದರಲ್ಲಿ ಬೇರೊಂದು ಬಗೆಯಾಗಿ ಮಾರಾಟವಾಗುವುದು ಇದರಿಂದಲೇ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಯಂತ್ರಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೆ ಕಾಯಿದೆಯೊಂದು ಸರಕಿನ ಆಕಾರವನ್ನೇ ಬದಲಿಸುವ ಬಗೆ ನಮ್ಮ ಶಾಸ್ತ್ರಕ್ಕೂ ಸೇರಿದ್ದೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ‘ಸಿ.ಸಿ.’ ಎಂದರೇನೆಂಬುದನ್ನು ತಿಳಿಯೋಣ. ಸಿಲಿಂಡರಿನಲ್ಲಿ ಪಿಸ್ಟನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸರಿಯುವಾಗ ತೆರವಾಗುವ ಜಾಗವನ್ನು ಘನ ಸೆಂಟಿಮೀಟರುಗಳಲ್ಲಿ ಅಳೆದರೆ ಅದೇ ಸಿ.ಸಿ. 1000 ಸಿ.ಸಿ. ಎಂದರೆ ಒಂದು ಲೀಟರು. ಇದು ಇಂಜಿನಿನ ಗಾತ್ರವೇ ಹೊರತು ಶಕ್ತಿಯಲ್ಲ. ಆದರೂ ಅಳೆಯುವುದು ಸುಲಭವಾದ್ದರಿಂದ ಅನೇಕ ಸರ್ಕಾರಗಳು ಗೆರೆ ಎಳೆದಿರುವುದು ಇದರ ಮೇಲೆಯೇ.

ಜಪಾನನ್ನು ನೋಡಿ. ಅಲ್ಲಿ 1975ರಿಂದ 400 ಸಿ.ಸಿ.ಗೆ ಮೀರಿದ ವಾಹನಕ್ಕೆ ಪ್ರತ್ಯೇಕ ಪರವಾನಗಿ ಬೇಕಾಯಿತು. ಅದರ ಪರೀಕ್ಷೆ ಬಹುಕಾಲ ಅತಿ ಕಠಿಣವಾಗಿತ್ತು. 1996ರಲ್ಲಿ ಚಾಲನಾ ಶಾಲೆಗಳ ಮೂಲಕ ಪಡೆಯಲು ಅವಕಾಶವಾದ ಮೇಲೆ ಸಡಿಲವಾಯಿತು. ಇದಲ್ಲದೆ 250 ಸಿ.ಸಿ.ಗೆ ಮೀರಿದ ವಾಹನಗಳನ್ನು ನಿಯತಕಾಲಕ್ಕೆ ಹಣ ತೆತ್ತು ತಪಾಸಣೆ ಮಾಡಿಸಬೇಕು; ಅದಕ್ಕಿಂತ ಚಿಕ್ಕವಕ್ಕೆ ಈ ಕಟ್ಟಳೆಯಿಲ್ಲ. ಫಲವೇನು? 250ರದೊಂದು ಕುಲ, 400ರದೊಂದು ಕುಲ ಅಲ್ಲಿ ಬೆಳೆದುವು. 1992ರಿಂದ 2022ರವರೆಗೆ ತಯಾರಾದ ಹೋಂಡಾ ಸಿ.ಬಿ. 400 ಸೂಪರ್ ಫೋರ್ ಇಂಜಿನಿನ ಅಳತೆ 399 ಸಿ.ಸಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಇದೇ!

ಅಮೆರಿಕದ ಕಥೆ ಬೇರೆ. ಜಪಾನಿನ ಸ್ಪರ್ಧೆಯಿಂದ ತತ್ತರಿಸಿದ್ದ ಹಾರ್ಲೆ-ಡೇವಿಡ್‌ಸನ್ ಕಂಪನಿಯ ಮೊರೆ ಕೇಳಿ, 1983ರಲ್ಲಿ ಅಧ್ಯಕ್ಷ ರೇಗನ್ನರು 700 ಸಿ.ಸಿ.ಗೆ ಮೀರಿದ ವಿದೇಶಿ ಮೋಟಾರು ಸೈಕಲ್ಲುಗಳ ಆಮದು ಸುಂಕವನ್ನು ಶೇಕಡಾ 4.4ರಿಂದ 49.4ಕ್ಕೆ ಏರಿಸಿದರು. ಐದು ವರ್ಷಗಳಲ್ಲಿ ಅದು ಹಂತಹಂತವಾಗಿ ಇಳಿಯಬೇಕೆಂಬುದು ಏರ್ಪಾಡು. ಸರ್ಕಾರ ಚಾಪೆಯ ಕೆಳಗೆ ತೂರಿದರೆ ಕಂಪನಿಗಳು ರಂಗೋಲಿಯ ಕೆಳಗೆ ತೂರಿದುವು: ತಮ್ಮ 750 ಸಿ.ಸಿ. ಇಂಜಿನುಗಳನ್ನೇ ಕುಗ್ಗಿಸಿ, 700ರೊಳಕ್ಕೆ ತಂದು, ಅಮೆರಿಕಕ್ಕೆಂದೇ ಕಳುಹಿಸಿದುವು. ಹೋಂಡಾ ನೈಟ್‌ಹಾಕ್ 700 ಎಸ್ ಅಂಥದೊಂದು. ಇತ್ತ ಚೇತರಿಸಿಕೊಂಡ ಹಾರ್ಲೆ ಕಂಪನಿ 1987ರಲ್ಲಿ ಈ ರಕ್ಷಣೆ ಇನ್ನು ಸಾಕೆಂದು ತಾನೇ ಹೇಳಿತು. ಎಳೆಯ ಉದ್ಯಮಕ್ಕಷ್ಟೇ ಅಲ್ಲ, ಬಳಲಿದ ಉದ್ಯಮಕ್ಕೂ ಸುಂಕದ ಊರುಗೋಲು ಕೆಲವೊಮ್ಮೆ ಸಲ್ಲುತ್ತದೆಂಬ ವಾದಕ್ಕೆ ಇದೊಂದು ನಿದರ್ಶನ.

ಯುರೋಪು ಶಕ್ತಿಯನ್ನೂ ಅಳೆಯುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2013ರಿಂದ ಜಾರಿಯಲ್ಲಿರುವ ಕ್ರಮದಂತೆ ಹೊಸ ಸವಾರನ ‘ಎ-1’ ಪರವಾನಗಿಗೆ 125 ಸಿ.ಸಿ., 11 ಕಿಲೋವ್ಯಾಟ್ ಮಿತಿ. ಮುಂದಿನ ‘ಎ-2’ಗೆ 35 ಕಿಲೋವ್ಯಾಟ್. ಭಾರಿ ಯಂತ್ರವೊಂದರ ಉಸಿರು ಕಟ್ಟಿ ಈ ಮಿತಿಗೆ ಇಳಿಸಬಹುದಾದರೂ ಅದರ ಮೂಲ ಶಕ್ತಿ 70 ಕಿಲೋವ್ಯಾಟಿಗೆ ಮೀರಿರಕೂಡದು. ಫ್ರಾನ್ಸಂತೂ ಸುಮಾರು 100 ಅಶ್ವಶಕ್ತಿಗೆ ಮೀರಿದ ಯಾವ ಮೋಟಾರು ಸೈಕಲ್ಲನ್ನೂ 2016ರವರೆಗೆ ಒಪ್ಪುತ್ತಿರಲಿಲ್ಲ.

ಇನ್ನು ನಮ್ಮ ದೇಶ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಪೆಟ್ರೋಲ್ ವಾಹನಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಮೀರಿದವಕ್ಕೆ ಶೇಕಡಾ 40 ಆಯಿತು. 349 ಸಿ.ಸಿ.ಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಗೆರೆಯ ಈಚೆಗೆ ಉಳಿಯಿತು.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಇನ್ನೊಂದು ನಿಯಮ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಹೀಗೆ ವಿಧಿಸುತ್ತದೆ: ಹಿಂದೆ ಕೂರುವವರಿಗೆ ಹಿಡಿಯಲು ಹಿಡಿ ಇರಬೇಕು, ಕಾಲಿಡಲು ಆಸರೆ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ಮರೆ ಇರಬೇಕು. ಇದೇ ನಾವು ‘ಸೀರೆ ಗಾರ್ಡ್’ ಎನ್ನುವುದು. ವಿದೇಶದ ಚಿತ್ರಗಳಲ್ಲಿ ಇದು ಕಾಣದು. ಅಲ್ಲಿ ಅದರ ಅಗತ್ಯವಿಲ್ಲ. ಈ ಚಿತ್ರಗಳನ್ನು ನೋಡಿಯೇ ನಮ್ಮ ತರುಣರು ವಾಹನ ಮನೆಗೆ ಬಂದ ವಾರದೊಳಗೆ ಅದನ್ನು ಬಿಚ್ಚಿಸುತ್ತಾರೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ನನ್ನ ಅಣ್ಣ ಹೇಳುವಂತೆ, ಮೂಲೆಯಲ್ಲಿ ಬಿದ್ದಿರುವ ಇಂಥ ಗಾರ್ಡುಗಳನ್ನು ಹಳೆಯ ಕಬ್ಬಿಣದವನು ತೂಕಕ್ಕೆ ಒಯ್ಯುತ್ತಾನೆ. ಹೋದ ವರ್ಷ ನಮ್ಮ ಬೀದಿಯ ಒಬ್ಬ ತಾಯಿ ಮಗನ ಹಿಂದೆ ಕುಳಿತು ಸಂತೆಗೆ ಹೊರಟಾಗ ಸೆರಗು ಚಕ್ರಕ್ಕೆ ಸುತ್ತಿ ಬಿದ್ದರು. ಪ್ರಾಣ ಉಳಿಯಿತು, ಬಲಗೈ ಇಂದಿಗೂ ನೆಟ್ಟಗಿಲ್ಲ. ಮಗ ಬಿಚ್ಚಿಸಿದ್ದ ಗಾರ್ಡು ಅಟ್ಟದ ಮೇಲಿತ್ತು.

ಒಟ್ಟಿನಲ್ಲಿ ಹೇಳುವುದಾದರೆ, ಈ ನಿರ್ಬಂಧಗಳು ಮೂರು ಬಗೆಯವು: ಬೊಕ್ಕಸಕ್ಕಾಗಿ ಅಥವಾ ಸ್ವದೇಶಿ ಉದ್ಯಮಕ್ಕಾಗಿ ಮಾಡಿದವು, ಸವಾರನನ್ನು ಅವನ ಉತ್ಸಾಹದಿಂದಲೇ ಕಾಪಾಡಲು ಮಾಡಿದವು, ಹಿಂದೆ ಕುಳಿತವರನ್ನು ನೆನೆದು ಮಾಡಿದವು. ಮೊದಲನೆಯವು ಕಾಲಕಾಲಕ್ಕೆ ಬದಲಾಗುತ್ತವೆ, ಬದಲಾಗಲಿ. ಎರಡನೆಯವನ್ನು ಕುರಿತು ವಾದಿಸಬಹುದು. ಮೂರನೆಯದನ್ನು ಮಾತ್ರ ಅಂದಕ್ಕಾಗಿ ಬಿಚ್ಚಿಡುವ ಹಕ್ಕು ಮುಂದೆ ಕುಳಿತವನಿಗಿಲ್ಲ. ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತಿರುವ ವಾಹನಗಳ ಹಿಂದಿನ ಚಕ್ರಗಳತ್ತ ಮಿತ್ರರು ಒಮ್ಮೆ ಕಣ್ಣು ಹಾಯಿಸಬೇಕೆಂದು ನನ್ನ ವಿನಂತಿ.