ಚನ್ನಪಟ್ಟಣದ ಬಣ್ಣದ ಆಟಿಗೆಗಳು

ಮಕ್ಕಳೇ, ಸಂಕ್ರಾಂತಿಯ ಹೊತ್ತಿಗೆ ಸೋಲಾಪುರದಲ್ಲಿ ಸಿದ್ಧರಾಮೇಶ್ವರ ಜಾತ್ರೆ ನಡೆಯುತ್ತದೆ. ತಡವಳ, ಅಕ್ಕಲಕೋಟೆಯ ಕಡೆಯಿಂದಲೂ ಎಷ್ಟೋ ಜನ ಹೋಗುತ್ತಾರೆ. ಜಾತ್ರೆಯಲ್ಲಿ ಆಟಿಗೆಯ ಅಂಗಡಿ ಕಂಡೊಡನೆ ನೀವು ಅಪ್ಪನ ಕೈ ಜಗ್ಗಿ ನಿಲ್ಲಿಸಿರಬೇಕಲ್ಲವೇ? ಅಲ್ಲಿರುವ ಆಟಿಗೆಗಳಲ್ಲಿ ಬಹಳಷ್ಟು ಪ್ಲಾಸ್ಟಿಕ್ಕಿನವು. ಕಟ್ಟಿಗೆಯ ಆಟಿಗೆಗಳಿಂದಲೇ ಹೆಸರಾದ ಊರೊಂದಿದೆ. ಅದೇ ಕರ್ನಾಟಕದ ಚನ್ನಪಟ್ಟಣ.

ಸೋಲಾಪುರದಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮೈಸೂರಿನ ಕಡೆಗೆ ಸುಮಾರು 60 ಕಿ.ಮೀ. ಸಾಗಿದರೆ ಈ ಊರು ಸಿಗುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಶಿಯಾದ ಕುಶಲಕರ್ಮಿಗಳು ಇಲ್ಲಿಯವರಿಗೆ ಈ ಕೆಲಸ ಕಲಿಸಿದರೆಂದು ಹೇಳುತ್ತಾರೆ.

ಆಟಿಗೆ ಮಾಡುವ ರೀತಿಯನ್ನು ಕೇಳಿರಿ. ಇದಕ್ಕೆ ಮುಖ್ಯವಾಗಿ ಬೇಕಾದುದು ಹಾಲೆ ಮರ. ಇದರ ಕಟ್ಟಿಗೆ ಬಿಳುಪು, ಮೆದು, ಕಡೆಯಲು ಸುಲಭ. (ನಿಮ್ಮ ಊರಿನ ಬಡಿಗರು ನೇಗಿಲು, ಕುಂಟೆಗಳಿಗೆ ಯಾವ ಕಟ್ಟಿಗೆ ಬಳಸುತ್ತಾರೆ, ಏಕೆ ಎಂದು ಕೇಳಿ ಬನ್ನಿರಿ.) ಒಣಗಿದ ತುಂಡನ್ನು ಲೇಥ್ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಅದು ಗರಗರನೆ ತಿರುಗುತ್ತದೆ. ಉಳಿ ಹಿಡಿದೊಡನೆ ಸಿಪ್ಪೆ ಹಾರಿ, ಒಳಗಿನಿಂದ ಬುಗುರಿಯೋ ಗಿಲಕಿಯೋ ಮೂಡುತ್ತದೆ.

ಬಣ್ಣ ಹಚ್ಚಲು ಕುಂಚ ಬೇಡ! ಮರದ ಕೊಂಬೆಗಳ ಮೇಲೆ ಸಣ್ಣ ಹುಳುಗಳು ಅರಗನ್ನು ಮಾಡುತ್ತವೆ. ಆ ಅರಗಿಗೆ ಬಣ್ಣ ಬೆರೆಸಿ ಕೋಲಿನಂತೆ ಮಾಡಿರುತ್ತಾರೆ. ತಿರುಗುವ ಆಟಿಗೆಗೆ ಆ ಕೋಲನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ತಾನೇ ಅಂಟಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ಒತ್ತಿ ಉಜ್ಜಿದರೆ ಕನ್ನಡಿಯಂಥ ಹೊಳಪು ಬರುತ್ತದೆ. ನನಗಂತೂ ಬಣ್ಣಕ್ಕಿಂತ ಆ ನುಣುಪೇ ಹೆಚ್ಚು ಇಷ್ಟ.

ಇಂಥ ಕೆಲಸಕ್ಕೂ ಕಷ್ಟ ಬಂದಿತು. ಯಂತ್ರದಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಗೆಗಳು ಚೀನಾದಿಂದ ಬಂದು ಪೇಟೆಯನ್ನು ತುಂಬಿದವು. ಕೈಯಿಂದ ಕಡೆದ ಆಟಿಗೆಗೆ ಗಿರಾಕಿ ಕಡಿಮೆಯಾದರು. ಎಷ್ಟೋ ಮನೆಗಳಲ್ಲಿ ಮಕ್ಕಳು ಉಳಿ ಬಿಟ್ಟು ಬೇರೆ ಕೆಲಸ ಹುಡುಕಿದರು.

ಉಳಿದವರು ಸುಮ್ಮನೆ ಕೂಡಲಿಲ್ಲ. ಕರ್ನಾಟಕದ ಕರಕುಶಲ ನಿಗಮವು 32 ಲೇಥ್ ಯಂತ್ರಗಳಿರುವ ಕೇಂದ್ರವನ್ನು ಅಲ್ಲಿ ಸ್ಥಾಪಿಸಿದೆ. ಹೆಣ್ಣುಮಕ್ಕಳೂ ಯಂತ್ರದ ಮುಂದೆ ಕುಳಿತು ಕಡೆಯಲು ಕಲಿತರು. ಚಿಕ್ಕ ಮಕ್ಕಳು ಆಟಿಗೆಯನ್ನು ಬಾಯಿಗೆ ಇಟ್ಟುಕೊಳ್ಳುತ್ತಾರಲ್ಲವೇ? ಅದಕ್ಕೆ ಅರಿಸಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ, ಹೀಗೆ ಸುರಕ್ಷಿತ ಬಣ್ಣಗಳನ್ನು ಬಳಸಿದರು. 2005-06ರಲ್ಲಿ ಈ ಆಟಿಗೆಗೆ ಭೌಗೋಳಿಕ ಗುರುತು ಸಿಕ್ಕಿತು. ಎಂದರೆ, ಬೇರೆ ಊರಿನ ಮಾಲನ್ನು ಚನ್ನಪಟ್ಟಣದ್ದೆಂದು ಮಾರುವಂತಿಲ್ಲ. ನಮ್ಮ ಸೋಲಾಪುರಿ ಚಾದರಕ್ಕೂ ಇಂಥದೇ ಗುರುತು ಇದೆ.

2020ರಲ್ಲಿ ಕೊರೊನಾ ಬಂದು ಅಂಗಡಿಗಳು ಮುಚ್ಚಿದವು. 2023ರಲ್ಲಿ ಬೆಂಗಳೂರು–ಮೈಸೂರು ನಡುವೆ ಹೊಸ ಹೆದ್ದಾರಿ ಆಯಿತು. ಅದು ಚನ್ನಪಟ್ಟಣದ ಹೊರಗಿನಿಂದಲೇ ಹೋಗುತ್ತದೆ. ಮೊದಲು ಪ್ರವಾಸಿಗರು ಗಾಡಿ ನಿಲ್ಲಿಸಿ ಆಟಿಗೆ ಕೊಳ್ಳುತ್ತಿದ್ದರು. ಈಗ ಎಷ್ಟೋ ಗಾಡಿಗಳು ಊರೊಳಗೆ ಬರುವುದೇ ಇಲ್ಲ. ದಾರಿ ಚೆನ್ನಾಯಿತು, ಅಂಗಡಿಯವರಿಗೆ ಪೆಟ್ಟು ಬಿದ್ದಿತು.

ಗಿರಾಕಿ ಊರಿಗೆ ಬಾರದಿದ್ದರೆ ಆಟಿಗೆಯೇ ಗಿರಾಕಿಯ ಊರಿಗೆ ಹೋಗಬೇಕಲ್ಲ! ಮೊಬೈಲಿನಲ್ಲಿ ಆಟಿಗೆಯ ಚಿತ್ರ ತೋರಿಸುತ್ತಾರೆ, ಬೇಡಿಕೆ ಬಂದರೆ ಪೆಟ್ಟಿಗೆ ಕಟ್ಟಿ ಕಳಿಸುತ್ತಾರೆ. 2021ರಲ್ಲಿ ಭಾರತದ ಆಟಿಗೆಗಳ ಮೇಳವೇ ಇಂಟರ್ನೆಟ್ಟಿನಲ್ಲಿ ನಡೆಯಿತು. ಆಗ ಚನ್ನಪಟ್ಟಣದ ಕುಶಲಕರ್ಮಿಗಳು ಅಲ್ಲಿಂದಲೇ ಪ್ರಧಾನಮಂತ್ರಿಗಳೊಡನೆ ಮಾತನಾಡಿದರು.

ಆದರೆ ಅರಗಿನ ಕೋಲನ್ನು ಎಷ್ಟು ಒತ್ತಬೇಕೆಂಬುದು ಮೊಬೈಲಿನಲ್ಲಿ ತಿಳಿಯದು. ಅದನ್ನು ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಹೊಸಬರ ಕೈಯಲ್ಲಿ ಅರಗು ಒಂದೆಡೆ ದಪ್ಪ, ಒಂದೆಡೆ ತೆಳ್ಳಗೆ ಕೂಡುತ್ತದೆ. ಅದನ್ನು ಕೆರೆದು ತೆಗೆದು ಮತ್ತೆ ಹಚ್ಚುತ್ತಾರೆ.