ತೋಟದ ಕೆರೆಯ ಮೀನು ಬೆಳಿಗ್ಗೆ ಬಾಯಿ ಬಿಡುವುದೇಕೆ?

ಪ್ರಶ್ನೆ: ವಿರಾಜಪೇಟೆ ಬಳಿಯ ನಮ್ಮ ಕಾಫಿ ತೋಟದ ಕೆರೆಯಲ್ಲಿ ಕಾಟ್ಲಾ, ರೋಹು ಸಾಕಿದ್ದೇವೆ. ಹೂವಿಗೆ ಸ್ಪ್ರಿಂಕ್ಲರ್ ಹಾಯಿಸಿದ ಮೇಲೆ ನೀರು ತಗ್ಗಿ, ದಿನವೂ ಕೆಲವು ಮೀನು ಸಾಯುತ್ತಿವೆ. ರೋಗವೇ?

ಉತ್ತರ: ಗಾಬರಿ ಬೇಡ. ನೀವು ಹೇಳುವ ಲಕ್ಷಣ ರೋಗಕ್ಕಿಂತ ಉಸಿರಿನ ಕೊರತೆಯನ್ನೇ ತೋರಿಸುತ್ತದೆ. ಮುಂಜಾನೆ 5 ಗಂಟೆಗೆ ಟಾರ್ಚ್ ಹಿಡಿದು ದಂಡೆಯಲ್ಲಿ ನಿಲ್ಲಿ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದು, ಬಿಸಿಲೇರಿದಾಗ ಕೆಳಗಿಳಿದರೆ ಅನುಮಾನವೇ ಬೇಡ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಬಳಸುತ್ತದೆ. ಬೆಚ್ಚಗಿನ, ಕಡಿಮೆ ನೀರಿನಲ್ಲಿ ಅದು ಬೇಗ ಮುಗಿಯುತ್ತದೆ.

ಇಂದೇ ತಿಂಡಿ, ಸಗಣಿ ಹಾಕುವುದನ್ನು ನಿಲ್ಲಿಸಿ. ನಸುಕಿನಲ್ಲಿ ಪಂಪ್ ಓಡಿಸಿ, ಅದೇ ನೀರನ್ನು ಮೇಲಿನಿಂದ ಕೆರೆಗೇ ಚಿಮುಕಿಸಿ. ಬೀಸುಬಲೆ ಹಾಕಿ ದೊಡ್ಡ ಮೀನು ಹಿಡಿದುಬಿಡಿ. ಉಳಿದವಕ್ಕೆ ಉಸಿರು ಸಿಗುತ್ತದೆ.

ಬೋರ್ಡೋ ದ್ರಾವಣದ ಡ್ರಮ್ಮನ್ನು ಕೆರೆಯಲ್ಲಿ ತೊಳೆಯಲೇಬೇಡಿ, ಮೈಲುತುತ್ತ ಮೀನಿಗೆ ವಿಷ. ಪಲ್ಪರ್ ನೀರೂ ಕೆರೆ ಸೇರಬಾರದು. ಅದು ಕೊಳೆತು ಆಮ್ಲಜನಕ ಹೀರುತ್ತದೆ.

ಮುಂದಿನ ವರ್ಷ ಕೆರೆಯ ಒಂದು ಮೂಲೆಯನ್ನು ಆಳ ಮಾಡಿಸಿ, ಬೇಸಿಗೆಯಲ್ಲೂ ಅಲ್ಲಿ 4–5 ಅಡಿ ನೀರು ಉಳಿಸಿ. ಎಕರೆಗೆ 2,000 ಮರಿ ಎಂಬುದು ವರ್ಷವಿಡೀ ತುಂಬಿರುವ ಕೊಳದ ಲೆಕ್ಕ. ನೀರಾವರಿ ಕೆರೆಗೆ ಅದರ ಅರ್ಧ ಸಾಕು. ಹಾರಂಗಿಯಲ್ಲಿರುವ ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರದಲ್ಲಿ ಮಳೆಗಾಲಕ್ಕೆ ಮೊದಲೇ ವಿಚಾರಿಸಿ. ಕಾಫಿಗೆ ನೀರುಣಿಸುವ ಮುನ್ನವೇ ಮೀನು ಹಿಡಿಯುವ ರೂಢಿ ಮಾಡಿಕೊಳ್ಳಿ. ಹೂವೂ ಅರಳಲಿ, ಮೀನೂ ಉಳಿಯಲಿ.