ಮೂರು ಕಡ್ಡಿ ಸಾಕು

1. ನೆಡಲು ಗುಲಾಬಿ ಕಡ್ಡಿ ಬೇಕಾದರೆ ಯಜಮಾನರನ್ನಲ್ಲ, ಗಿಡಕ್ಕೆ ನೀರು ಹಾಕುವವರನ್ನು ಕೇಳಬೇಕು. ಅರಕಲಗೂಡಿನ ಒಂದು ಮನೆಯಲ್ಲಿ ಜಗಲಿ ಮೇಲೆ ಕೂತಿದ್ದವರು ‘ಎಷ್ಟು ಬೇಕೋ ಕುಯ್ಕೊಳ್ಳಮ್ಮ’ ಅಂದರು. ಕತ್ತರಿ ಇಟ್ಟೆನೋ ಇಲ್ಲವೋ, ಹಿತ್ತಲಿನಿಂದ ಅಜ್ಜಿ ಕೂಗಿದರು: ‘ಅಯ್ಯೋ, ಮೊಗ್ಗಿನ ಕೊಂಬೆ ಕಣವ್ವ ಅದು!’ ತಾವೇ ಕುಡುಗೋಲು ತಂದು, ಹೂ ಉದುರಿ ಬಲಿತ ಕೊಂಬೆ ಹುಡುಕಿ, ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ತುದಿಗೆ ಸಗಣಿ ಮೆತ್ತಿ, ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟರು. ಹಾಸನದ ಬಸ್ಸಿನಲ್ಲಿ ಕಡ್ಡಿ ಬಾಡಲೇ ಇಲ್ಲ.

2. ಪೆನ್ಸಿಲ್ ದಪ್ಪ, ಗೇಣುದ್ದ. ಮೂರಕ್ಕಿಂತ ಹೆಚ್ಚು ಕೇಳುವುದಿಲ್ಲ. ದೀಪ ಹಚ್ಚಿದ ಮೇಲಂತೂ ಕೇಳುವುದೇ ಇಲ್ಲ. ಆ ಹೊತ್ತಿನಲ್ಲಿ ಗಿಡ ಮುಟ್ಟಗೊಡದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ.

3. ಕಸಿ ಗುಲಾಬಿಯಾದರೆ ಬಗ್ಗಿ ಬುಡ ನೋಡಿ. ಚನ್ನರಾಯಪಟ್ಟಣದಿಂದ ಕೆಂಪು ಹೂವಿನದೆಂದು ತಂದ ಕಡ್ಡಿ ವರ್ಷವಿಡೀ ನೀರು ಕುಡಿದು ಬಿಟ್ಟದ್ದು ಸಣ್ಣ ಬಿಳಿ ಹೂವಿನ ಗೊಂಚಲು. ಕಸಿಗಂಟಿನ ಕೆಳಗಿನ ಚಿಗುರು ಕೊಯ್ದಿದ್ದೆ, ಅದು ಬೇರುಗಿಡದ್ದು. ತಪ್ಪು ನನ್ನದೇ. ಸ್ವಂತ ಬೇರಿನ ಹಳೆಯ ಪನ್ನೀರು ಗುಲಾಬಿಗೆ ಈ ರಗಳೆಯಿಲ್ಲ. ಪನ್ನೀರು ಎಂದು ನಾವು ಕರೆಯುವುದರಲ್ಲಿ ಎಡ್ವರ್ಡ್ ಜಾತಿಯೂ ಸೇರಿದೆ. ಅದರ ಮೂಲ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಗುಲಾಬಿ ಬೇಲಿಗಳು. ಇಲ್ಲಿಯೂ ಬೇಲಿಯಲ್ಲೇ ಸುಖವಾಗಿದೆ.

4. ಆರಿದ್ರಾ ಮಳೆಯ ಜಿಟಿಜಿಟಿಯಲ್ಲಿ ಊರಿದರೆ ಅರ್ಧ ಕೆಲಸ ಮುಗಿದಂತೆ. ಕೆಮ್ಮಣ್ಣು, ಮರಳು, ಕಳಿತ ಗೊಬ್ಬರ, ನೆರಳು. ಎರಡು ವಾರಕ್ಕೆ ಚಿಗುರು ಕಂಡು ಕುಣಿಯಬೇಡಿ. ಕಡ್ಡಿ ತನ್ನೊಳಗಿನ ಬುತ್ತಿ ಬಿಚ್ಚಿ ಉಣ್ಣುತ್ತಿರುತ್ತದೆ, ಅಷ್ಟೆ. ಬೇರಿಗೆ ಒಂದೂವರೆ ತಿಂಗಳಾದರೂ ಬೇಕು. ಅಲ್ಲಿಯವರೆಗೆ ಕಿತ್ತು ನೋಡುವ ಚಟ ಬಿಡಬೇಕು; ನಾನು ಬಿಡಲು ಮೂರು ಮಳೆಗಾಲ ಹಿಡಿಯಿತು.

5. ಕದ್ದ ಗಿಡ ಚೆನ್ನಾಗಿ ಬರುತ್ತದೆ ಅನ್ನುತ್ತಾರೆ. ಬರಬಹುದು. ಆದರೆ ಕದ್ದ ಮನೆಗೆ ಮತ್ತೆ ಹೋಗುವ ಹಾಗಿಲ್ಲ, ಅವರೂ ನಮ್ಮ ಮನೆಗೆ ಬರುವ ಹಾಗಿಲ್ಲ. ಹೊಳೆನರಸೀಪುರದಲ್ಲಿ ಕಡ್ಡಿ ಕೊಟ್ಟಿದ್ದವರು ಹಳೇ ಮನೆ ಕೆಡವಿ ಕಟ್ಟಿಸುವಾಗ ಗುಲಾಬಿ ಇಟ್ಟಿಗೆ ರಾಶಿಯಡಿ ಸಿಕ್ಕಿ ಸತ್ತಿತಂತೆ. ಹೋದ ಮಳೆಗಾಲ ಅವರ ಸೊಸೆ ಪ್ಲಾಸ್ಟಿಕ್ ಕವರ್ ಹಿಡಿದು ನಮ್ಮ ಗೇಟಿನ ಹತ್ತಿರ ನಿಂತಿದ್ದಳು. ‘ನಮ್ಮತ್ತೆ ಗಿಡದ ಕಡ್ಡಿ ನಿಮ್ಮಲ್ಲಿ ಇದೆಯಂತಲ್ಲ?’ ಹೂ ಮುಗಿದ ಕೊಂಬೆ ಹುಡುಕಿ ಮೂರು ಕೊಯ್ದು ಕೊಟ್ಟೆ. ಕವರಿನೊಳಗೆ ಇಣುಕಿ ಎಣಿಸಿದಳು.

‘ಇನ್ನೊಂದು ಕೊಡಿ ಅಕ್ಕ, ನಮ್ಮಮ್ಮನ ಮನೆಗೆ.’